ಓನರಮ್ಮನ ಸುಗ್ಗಿ ಟೈರು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನಮ್ಮ ಓನರಮ್ಮ ಎಂದಿನಂತೆ ಕೈಯ ಹಸಿರು ಗಾಜಿನ ಬಳೆಗಳನ್ನೆಲ್ಲ ಮೊಣಕೈವರೆಗೆ ತಳ್ಳಿ, ಅವು ಜಾರದಂತೆ ಕೆಳಗೊಂದು ರಬ್ಬರ್ ಬ್ಯಾಂಡ್ ಹಾಕಿಕೊಂಡು ಸ್ಟೀರಿಂಗ್ ಹಿಡಿದಿದ್ದರು. ಗಂಟೆ ಎದುರಿನ ಪರದೆಯ ಮೇಲೇ ಇತ್ತು, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಹಲಗೂರು ದಾಟಿದ ಮೇಲೆ ಒಂದು ತಿರುವಿದೆ. ಅದರಾಚೆ ರಸ್ತೆ ತುಂಬ ಹುರುಳಿ ಹಾಸಿದ್ದರು. ಕಾರು ಅದರ ಮೇಲೆ ಹತ್ತಿತು. ಆಮೇಲೆ ಅದು ನಮ್ಮ ಮಾತು ಕೇಳಲಿಲ್ಲ.

ಮಳವಳ್ಳಿಯಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕೆಳಗೆ ಅವರೊಬ್ಬರೇ, ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಬಳೆ ತೆಗೆಯಲು ಬಂದ ಹೆಂಗಸರಿಗೆ, "ಬಳೆ ನಾನು ಉಟ್ದಾಗ್ಲಿಂದ ಇಕ್ಕೊಂಡಿರೋದು. ಅವರು ಬಂದದ್ದು ಆಮೇಲೆ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದವರು ಎಂದು ಬೀದಿಯವರು ಹೇಳುತ್ತಿದ್ದರು. ಅವರ ಬಾಯಿಂದ ಆ ಮಾತನ್ನು ನಾನು ಕೇಳಿಲ್ಲ. ಆದರೆ ಆ ಬಳೆಗಳ ಸದ್ದಿನಿಂದಲೇ ನನಗೆ ಬೆಳಗಾಗುತ್ತಿತ್ತು.

ಕರೆಂಟಿನ ಕಾರು ಕೊಂಡಾಗ ಅವರಿಗೆ ಅರವತ್ತು ದಾಟಿತ್ತು. ರಜೆಯ ದಿನ ಹೊಲಕ್ಕೆ ಹೊರಟರೆ ಕೆಳಗಿನಿಂದಲೇ, "ಬತ್ತೀಯೇನಮ್ಮಿ? ಪುಸ್ತಕ ಎಲ್ಲೂ ಓಡೋಗಕ್ಕಿಲ್ಲ" ಎಂದು ಕೂಗುತ್ತಿದ್ದರು. ಸುಗ್ಗಿಯಲ್ಲಿ ಅವರದೊಂದು ಪದ್ಧತಿ. ನಮ್ಮ ಕಡೆ ರಾಗಿಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಗೆ ಹಾಸಿ, ಓಡಾಡುವ ಗಾಡಿಗಳಿಂದಲೇ ತುಳಿಸಿ ಕಾಳು ಬಿಡಿಸಿಕೊಳ್ಳುತ್ತಾರೆ. ಬೇರೆಯವರು ಬೈದುಕೊಂಡು ಪಕ್ಕಕ್ಕೆ ಹೋದರೆ ಓನರಮ್ಮ ಬೇಕೆಂದೇ ಅದರ ಮೇಲೆ ಹೋಗುವರು. ಯಾರ ಬೆಳೆಯಾದರೂ ಸರಿ, ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಇನ್ನೊಮ್ಮೆ ತುಳಿಸುವರು. "ಈ ಕಾರು ಬಾರ ಕಣಮ್ಮಿ, ರೋಲರ್ ಇದ್ದಂಗೆ. ಒಂದ್ ಸುತ್ತಿಗೇ ಕಾಳು ಉದುರ್ಬುಡ್ತದೆ." ಅದು ಅವರು ದಾರಿಯವರಿಗೆ ಮಾಡುತ್ತಿದ್ದ ಉಪಕಾರ.

ಆ ವರ್ಷ ಟೈರು ಸವೆದಿದ್ದವು. ಮಂಡ್ಯದ ಟೈರು ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಮೊದಲು ಫಳಫಳ ಹೊಳೆಯುವ ದೊಡ್ಡ ಚಕ್ರಗಳನ್ನು ತೋರಿಸಿದ.

"ನಾನೇನು ಮದ್ವೆ ಗಂಡ್ನ ಕೂರಿಸ್ಕಂಡು ಮೆರವಣಿಗೆ ಓಯ್ತೀನೇನ್ಲಾ? ಇರೋ ಚಕ್ರನೇ ಇರ್ಲಿ, ಟೈರು ತೋರ್ಸು" ಎಂದರು.

ಅವನು ಎರಡು ಟೈರು ಉರುಳಿಸಿಕೊಂಡು ಬಂದ. "ಇದು ಮೆತ್ತನೆ ರಬ್ಬರು, ಗೆರೆ ಆಳ. ಕಚ್ಚಿ ಇಡೀತದೆ, ಆದ್ರೆ ಚಾರ್ಜು ಬೇಗ ತಿಂತದೆ. ಇದು ಗಟ್ಟಿ, ಅಗುರ್ವಾಗಿ ಉರುಳ್ತದೆ. ಚಾರ್ಜು ಉಳೀತದೆ ಅಮ್ಮಾವ್ರೆ."

"ಕಚ್ಚೋಕೆ ಅದೇನು ನಾಯಿನಾ? ಉರುಳೋದ್ನೇ ಆಕು. ಹೊಲಕ್ಕೋಗಿ ಮನೆಗ್ ಬರೋಗಂಟ ಚಾರ್ಜು ಇರ್ಬೇಕು, ಅಷ್ಟೇಯ."

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದೇ ಬೇರೆ ಟೈರು ಹಾಕುತ್ತಾರಂತೆ ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಅವರು ಅಂಗಡಿ ತುಂಬ ನಕ್ಕರು. "ನಮ್ ಚಳಿಗಾಲ್ದಲ್ಲಿ ರಸ್ತೆ ಮ್ಯಾಲೆ ಬೀಳೋದು ಉಳ್ಳಿಕಾಳು ಕಣಮ್ಮಿ. ಅದಕ್ಕೂ ಒಂದ್ ಟೈರು ಐತೇನೋ ಕೇಳು!" ಅಂಗಡಿಯವನೂ ನಕ್ಕ. ನಾನೂ ನಕ್ಕೆ.

ಆ ಬೆಳಿಗ್ಗೆ ಹುರುಳಿ ಸೊಪ್ಪಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಎದುರಿಗೆ ಬಿಸಿಲು. ಹಾಸಿನ ಆ ತುದಿಯಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ, ಬಗ್ಗಿ, ಕವೆಗೋಲಿನಿಂದ ಸೊಪ್ಪು ತಿರುವಿ ಹಾಕುತ್ತಿದ್ದಳು. ಕಂಡ ತಕ್ಷಣ ಓನರಮ್ಮ ಆಕ್ಸಿಲರೇಟರಿನಿಂದ ಕಾಲೆತ್ತಿದರು. ಈ ಕಾರಿಗೆ ಕಾಲೆತ್ತಿದರೆ ಸಾಕು, ತಾನೇ ಹಿಡಿದು ನಿಲ್ಲಿಸುತ್ತದೆ ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಚಕ್ರವೇನೋ ಹಿಡಿಯಿತು. ಆದರೆ ಕೆಳಗೆ ಹಿಡಿಯಲು ರಸ್ತೆಯೇ ಇರಲಿಲ್ಲ, ಉರುಳುವ ಕಾಳು ಇತ್ತು. ಬ್ರೇಕು ಒತ್ತಿದರು. ಅಷ್ಟು ಭಾರದ ಕಾರು ಒಂದಿಷ್ಟೂ ಸದ್ದಿಲ್ಲದೆ, ದೋಣಿಯ ಹಾಗೆ, ಆ ಬೆನ್ನಿನ ಕಡೆಗೆ ತೇಲಿಕೊಂಡು ಹೊರಟಿತು.

ನನಗೆ ಇವತ್ತಿಗೂ ಮರೆಯಲಾಗದ್ದು ಆ ಮೌನ. ಸಾಮಾನ್ಯ ಕಾರಾಗಿದ್ದರೆ ಇಂಜಿನ್ನಿನ ಸದ್ದಿಗಾದರೂ ಆಕೆ ತಿರುಗುತ್ತಿದ್ದಳು. ಓನರಮ್ಮ ಹಾರ್ನಿಗೆ ಕೈ ಬಡಿದರು. ಆಕೆ ತಿರುಗಿದಳು. ಓಡಲಿಲ್ಲ. ಕವೆಗೋಲನ್ನು ಎದೆಗೆ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತ ನಿಂತುಬಿಟ್ಟಳು. ಆಕೆಯ ಬಾಯಲ್ಲಿದ್ದ ಎಲೆಯಡಿಕೆಯ ಕೆಂಪು ಕಾಣುವಷ್ಟು ಹತ್ತಿರ ಬಂದೆವು.

ಹಾಸಿನ ಅಂಚಿನಲ್ಲಿ ಚಕ್ರಕ್ಕೆ ಒಂದಿಷ್ಟು ಡಾಂಬರು ಸಿಕ್ಕಿರಬೇಕು. ಅಷ್ಟರಲ್ಲಿ ಓನರಮ್ಮ ಸ್ಟೀರಿಂಗನ್ನು ಬಲಕ್ಕೆ, ತಮ್ಮ ಕಡೆಗೇ, ಪೂರ್ತಿ ಎಳೆದರು. ಬಲಕ್ಕೆ ಇದ್ದದ್ದು ಮೋರಿಯ ಕಲ್ಲಿನ ಕಟ್ಟೆ. ಅದು ಅವರಿಗೂ ಕಾಣುತ್ತಿತ್ತು.

ಹೊಡೆತದ ನಂತರವೂ ಏಸಿ ತಣ್ಣಗೆ ಬೀಸುತ್ತಲೇ ಇತ್ತು. ಇನ್ನೂ ಎಷ್ಟು ದೂರ ಓಡಬಹುದು ಎಂಬ ಅಂಕಿ ಪರದೆಯ ಮೇಲೆ ಹಸಿರಾಗಿ ಉರಿಯುತ್ತಿತ್ತು. ನನಗೆ ಒಂದು ಗೀರೂ ಆಗಿರಲಿಲ್ಲ. ಓನರಮ್ಮನ ಬಲಗೈ ಬಾಗಿಲಿಗೂ ಸ್ಟೀರಿಂಗಿಗೂ ನಡುವೆ ಸಿಕ್ಕಿಕೊಂಡಿತ್ತು. ಮೊಣಕೈ ತುಂಬ ಹಸಿರು ಗಾಜು.

"ಎದ್ದು ನಿಂತವ್ಳಾ?" ಎಂದರು.

"ಅವಳಿಗೆ ಏನೂ ಆಗಿಲ್ಲ ಓನರಮ್ಮ."

"ನಿಂತವ್ಳಾ ಅಂತ ಕೇಳ್ದೆ."

ಮಂಡ್ಯದ ಆಸ್ಪತ್ರೆಯಲ್ಲೂ ಅದೇ ಪ್ರಶ್ನೆ. ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಕೊನೆಗೆ ಆಕೆಯೇ ಒಂದು ದಿನ ಟವೆಲ್ಲಿನಲ್ಲಿ ಹುರುಳಿ ಗಂಟು ಕಟ್ಟಿಕೊಂಡು ವಾರ್ಡಿಗೆ ಬಂದಳು. ಬಂದವಳೇ ಶುರು ಮಾಡಿದಳು. "ಏನಮ್ಮಾವ್ರೇ, ಬೆಕ್ಕು ಬಂದಂಗೆ ಬಂದ್ಬುಡದಾ? ಸದ್ದು ಬ್ಯಾಡ್ವಾ?"

"ನೀನು ರಸ್ತೆ ಮದ್ಯ ಬಗ್ಗಿ ನಿಂತ್ಕಳದಾ?"

"ನಮ್ ಉಳ್ಳಿ, ನಾವು ನಿಂತ್ಕತೀವಿ!"

ಇಬ್ಬರೂ ಜೋರು ದನಿಯಲ್ಲಿ ಜಗಳವಾಡಿದರು. ನರ್ಸ್ ಬಂದು ಗದರಿದಳು. ಆಮೇಲೆ ಓನರಮ್ಮ ಎಡಗೈಯಿಂದ ಆಕೆಯ ಮುಖ, ಹೆಗಲು, ತೋಳು ಎಲ್ಲವನ್ನೂ ಮುಟ್ಟಿ ನೋಡಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆವತ್ತು ಮಾತ್ರ.

ಅವರಿಗೆ ಬಲಗೈಯನ್ನು ಮತ್ತೆ ಪೂರ್ತಿ ಚಾಚಲು ಆಗಲಿಲ್ಲ. ಕಾರು ರಿಪೇರಿಯಾಗಿ ಬಂದಾಗ ನನ್ನನ್ನೇ ಸ್ಟೀರಿಂಗಿಗೆ ಕೂರಿಸಿ ಅದೇ ಅಂಗಡಿಗೆ ಕರೆದೊಯ್ದರು. ಅಂಗಡಿಯವನು ಚಾರ್ಜಿನ ಮಾತೆತ್ತಿದ. "ಎಷ್ಟ್ ದೂರ ಓಯ್ತದೆ ಅಂತ ಆವಾಗ ಕೇಳಿದ್ದೆ. ಈಗ ಎಲ್ ನಿಲ್ತದೆ ಅದ್ನ ಯೋಳು" ಎಂದರು. ಮೆತ್ತನೆ ರಬ್ಬರಿನದನ್ನೇ ಹಾಕಿಸಿದರು. ಮನೆಗೆ ಬರುವಾಗ, "ಸುಗ್ಗಿ ಟೈರು ಕಣಮ್ಮಿ" ಎಂದು ನಗಲು ನೋಡಿದರು. "ಆದ್ರೂ ಇನ್ನು ತುಳ್ಸೋದು ಬ್ಯಾಡ. ನೀನೂ ತುಳ್ಸಬ್ಯಾಡ."

ಅಷ್ಟಾದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಮಂಚ ಸದ್ದಿಲ್ಲದೆ ಮುಂದಕ್ಕೆ ಜಾರುತ್ತಿತ್ತು. ಅವರಿಗೆ ಹೇಳಿದರೆ, "ನಂಗೂ ಅಂಗೇಯ" ಎನ್ನುತ್ತಿದ್ದರು. ಇಬ್ಬರೂ ಬೆಳಗಿನ ಜಾವದಲ್ಲೇ ಎದ್ದು ಕಾಫಿ ಕುಡಿಯುತ್ತಿದ್ದೆವು. ಮಳೆಗಾಲದ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ವೈದ್ಯರು ಹೃದಯಾಘಾತ ಎಂದರು.

ಅವರ ಮಗಳು ಕಾರು ಮಾರಲಿಲ್ಲ. ಸುಗ್ಗಿ ಬಂದಾಗ ಹೊಲ ನೋಡಿಬರಲು ಕೀಲಿಯನ್ನು ನನಗೇ ಕೊಟ್ಟಳು. ಹಲಗೂರು ದಾಟಿದೆ, ತಿರುವು ಬಂತು, ಹುರುಳಿ ಹಾಸಿತ್ತು. ನಾನು ಆ ಹಾಸಿನಿಂದ ಬಹಳ ದೂರದಲ್ಲೇ ನಿಲ್ಲಿಸಿದೆ. ಟೈರು ನೆಲ ಕಚ್ಚಿ ನಿಂತಿತು. ನಾನು ಮಾತ್ರ ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ಆಕೆಯೇ ಕವೆಗೋಲು ಹಿಡಿದು ಬಂದಳು. "ಯಾಕ್ ನಿಲ್ಲಿಸ್ಬುಟ್ರಿ? ಅತ್ಸಿ, ತುಳೀಲಿ. ಅಮ್ಮಾವ್ರು ಎಲ್ಲಿ?"

ಹೇಳಿದೆ. ಆಕೆ ಮೋರಿಕಟ್ಟೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕವೆಗೋಲಿನಿಂದ ಹುರುಳಿಯನ್ನು ಪಕ್ಕಕ್ಕೆ ಸರಿಸುತ್ತ, ಬಿದ್ದ ಕಾಳನ್ನು ಸೆರಗಿನಿಂದ ಗುಡಿಸುತ್ತ, ಈ ತುದಿಯಿಂದ ಆ ತುದಿಯವರೆಗೆ ಕಾರಿನಗಲ ಡಾಂಬರು ಬಿಡಿಸಿಕೊಟ್ಟಳು. ಅಂಚಿನಲ್ಲಿ ನಿಂತು, "ಬನ್ನಿ, ನಾನಿಲ್ಲೇ ಇವ್ನಿ. ನೋಡ್ಕಳಿ" ಎಂದು ಕೈ ಮೇಲೆತ್ತಿದಳು. ಅವಳನ್ನೇ ನೋಡುತ್ತ ನಿಧಾನವಾಗಿ ದಾಟಿದೆ.

ಅವತ್ತು ರಾತ್ರಿ ಮಂಚ ಜಾರಲಿಲ್ಲ. ಎಚ್ಚರವಾದಾಗ ಬಿಸಿಲು ಕಿಟಕಿ ದಾಟಿ ಒಳಗೆ ಬಂದಿತ್ತು. ಕೆಳಗೆ ಬಳೆಯ ಸದ್ದಿರಲಿಲ್ಲ.