ಯಾವ ಕಿಟ್ಟೂ ಹೊಂದದ ಚಳಿಗಾಲ

ತೀರ್ಮಾನಕ್ಕೆ ಬರಲು ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅಂಗಡಿಗೆ ಹೋದರೆ ಮೊದಲು ಕೈಗೆ ಸಿಕ್ಕ ಷರಟಿನ ಹೊಲಿಗೆ ನೋಡಿ, ಗುಂಡಿ ಎಳೆದು ನೋಡಿ, ಕೊಂಡು ಹೊರಬರುತ್ತೇನೆ. ಹೆಣ್ಣು ನೋಡಲು ಹೋದಾಗಲೂ ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಗಿಯುವ ಮೊದಲೇ ಒಪ್ಪಿಗೆ ಹೇಳಿದ್ದೆ. ಒಪ್ಪಿದ್ದು ತನ್ನನ್ನೋ ಉಪ್ಪಿಟ್ಟನ್ನೋ ಎಂದು ನನ್ನ ಹೆಂಡತಿ ಸರೋಜ ಈಗಲೂ ಕೇಳುತ್ತಾಳೆ. ತಪ್ಪು ನನ್ನದಲ್ಲ, ನಾನು ಬೆಳೆದ ಹಾಸ್ಟೆಲ್ಲಿನದು. ಅಲ್ಲಿ ಏಳುವುದಕ್ಕೆ, ಸ್ನಾನಕ್ಕೆ, ಪ್ರಾರ್ಥನೆಗೆ, ಊಟಕ್ಕೆ ಎಲ್ಲಕ್ಕೂ ಗಂಟೆ ಹೊಡೆಯುತ್ತಿದ್ದರು. ಯೋಚನೆ ಮಾಡುವುದಕ್ಕೆ ಮಾತ್ರ ಗಂಟೆ ಇರಲಿಲ್ಲ. ಆಮೇಲೆ ಸಿಕ್ಕ ಕೆಲಸವೂ ಹಾಗೆಯೇ. ಅಮೆರಿಕದ ಡೆಟ್ರಾಯಿಟ್ ಬಳಿಯ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ. ಅಳತೆ ಸರಿಯಿದ್ದರೆ ಈ ಪೆಟ್ಟಿಗೆ, ತಪ್ಪಿದ್ದರೆ ಆ ಪೆಟ್ಟಿಗೆ. ನಿವೃತ್ತನಾಗುವವರೆಗೂ ನಾನು ಮೂರನೆಯ ಪೆಟ್ಟಿಗೆ ಕಂಡವನಲ್ಲ.

ಅಂಥ ನಾನು ಒಂದು ಸಾಮಾನು ಆರಿಸಲು ಇಡೀ ಚಳಿಗಾಲ ತೆಗೆದುಕೊಂಡೆ. ಅದೂ ನನಗಲ್ಲ, ನನ್ನ ಸ್ನೇಹಿತ ನಾಗರಾಜನಿಗೆ. ಸಾಮಾನೂ ಸಾಧಾರಣದ್ದಲ್ಲ: ರೈಫಲ್ಲಿಗೆ ಹಾಕುವ ಪಿಸ್ಟನ್ ಕಿಟ್ಟು, ಅದಕ್ಕೆ ಹೊಂದುವ ಹ್ಯಾಂಡ್‌ಗಾರ್ಡು. ಸೊಳ್ಳೆ ಹೊಡೆದರೂ ಅಂಗೈ ತೊಳೆದುಕೊಂಡು ಬರುವ ಮನೆಗಳಲ್ಲಿ ಹುಟ್ಟಿದ ನಾವಿಬ್ಬರು ಬಂದೂಕಿನ ವಿಚಾರದಲ್ಲಿ ತಲೆಗೆ ತಲೆ ಕೂಡಿಸಿ ಕೂತಿದ್ದನ್ನು ನಮ್ಮ ಹಿರಿಯರು ನೋಡಿದ್ದರೆ ಏನೆನ್ನುತ್ತಿದ್ದರೋ.

ನಾಗರಾಜ ಮೈಸೂರಿನವನು. ಹುಡುಗನಾಗಿ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿ, ಆಮೇಲೆ ಪಕ್ಕದ ವಿಕ್ಸಮ್ ಊರಿನ ಬೇರೊಂದು ಕಂಪನಿಗೆ ಹೋಗಿ, ಅಚ್ಚುಗಳ ವಿನ್ಯಾಸದಲ್ಲಿ ದೊಡ್ಡ ಹೆಸರು ಮಾಡಿದ. ಈಗ ಐವತ್ತು ದಾಟಿದೆ. ನನಗೆ ಅವನು ಇನ್ನೂ 'ನೀನು', ಅವನಿಗೆ ನಾನು ಇನ್ನೂ 'ಸರ್'. ರೈಫಲ್ ಕೊಂಡಿದ್ದು ಬೇಟೆಗಲ್ಲ. ಶನಿವಾರ ಜೊತೆಯ ಕೆಲಸಗಾರರು ಗುರಿ ಹೊಡೆಯಲು ಹೋಗುತ್ತಿದ್ದರು, ಇವನೂ ಹೋಗುತ್ತಿದ್ದ. ಕಾಗದದ ಮೇಲೆ ತೂತು ಮಾಡಿಕೊಂಡು ಬಂದು, ಆ ತೂತುಗಳನ್ನು ಹೆಂಡತಿಗೆ ತೋರಿಸಿ, ಮೊಸರನ್ನ ತಿಂದು ಮಲಗುತ್ತಿದ್ದ.

ಆರ್ಥಿಕ ಹಿಂಜರಿತ ಬಂದ ಶರತ್ಕಾಲದಲ್ಲಿ ಅವನ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸಿತು. ಇವನು ಆ ಅರ್ಧದಲ್ಲಿದ್ದ. ಆ ವರ್ಷಗಳ ವಿಕ್ಸಮ್ಮನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಇಂಡಸ್ಟ್ರಿಯಲ್ ಪಾರ್ಕಿನ ಒಂದೊಂದು ಕಟ್ಟಡದ ಮುಂದೆಯೂ 'ಬಾಡಿಗೆಗಿದೆ' ಎಂಬ ಫಲಕ. ಪಾರ್ಕಿಂಗ್ ಜಾಗದಲ್ಲಿ ಹಿಮ ಬಿದ್ದರೆ ಬಿದ್ದಹಾಗೇ ಇರುತ್ತಿತ್ತು, ಎತ್ತುವುದಕ್ಕೆ ಯಾರಿಗೂ ಕಾರಣವಿರಲಿಲ್ಲ. ಕನ್ನಡದವರು ಸೇರಿದಲ್ಲಿ ಮಕ್ಕಳ ಓದಿನ ಮಾತು ನಿಂತಿತು. 'ನಿಮ್ಮ ಕಡೆ ಹೇಗೆ?' ಎಂದು ಒಬ್ಬರು ಕೇಳುವುದು, 'ಸದ್ಯಕ್ಕೆ ಪರವಾಗಿಲ್ಲ' ಎಂದು ಇನ್ನೊಬ್ಬರು ಬಿಸಿಬೇಳೆಬಾತಿನ ಕಡೆ ತಿರುಗುವುದು.

ಪ್ರತಿ ವರ್ಷ ಆಯುಧಪೂಜೆಗೆ ನಾಗರಾಜ ಕುಂಕುಮ, ಅಕ್ಷತೆ, ಒಂದು ಡಬ್ಬಿ ಪೇಡ ತೆಗೆದುಕೊಂಡು ಕಂಪನಿಗೆ ಹೋಗುತ್ತಿದ್ದ. ಲೋಹ ಕೊರೆಯುವ ದೊಡ್ಡ ಮಿಲ್ಲಿಂಗ್ ಯಂತ್ರದ ಹಣೆಗೆ ಬೊಟ್ಟಿಡುತ್ತಿದ್ದ. ಅಲ್ಲಿನ ಅಮೆರಿಕನ್ನರು ಮೊದಮೊದಲು ನಕ್ಕು, ಆಮೇಲೆ 'ನಮ್ಮ ಯಂತ್ರಕ್ಕೂ ಇಡು' ಎಂದು ಕೇಳುವಷ್ಟು ಪಳಗಿದ್ದರು. ಆ ವರ್ಷ ಕುಂಕುಮವಿತ್ತು, ಯಂತ್ರವಿರಲಿಲ್ಲ. ಮನೆಯಲ್ಲಿ ಆಯುಧವೆಂದು ಹೇಳಬಹುದಾದದ್ದು ಇದ್ದದ್ದು ಒಂದೇ. ಇಡೀ ಕಾರ್ಖಾನೆಗೆ ಸಲ್ಲಬೇಕಾದ ಪೂಜೆಯನ್ನೆಲ್ಲ ಅವನು ಆ ರೈಫಲ್ಲಿಗೆ ಮಾಡಿದ. ಅರಿಸಿನ, ಕುಂಕುಮ, ಗಂಧ, ಮೇಲೆ ಧಾರಾಳವಾಗಿ ಅಕ್ಷತೆ. ನಳಿಗೆಯನ್ನು ಸುತ್ತುವರಿದ ಹಿಡಿಕೆಗೆ, ಅದೇ ಹ್ಯಾಂಡ್‌ಗಾರ್ಡಿಗೆ, ಗಾಳಿಯಾಡಲು ತೂತುಗಳಿರುತ್ತವೆ ಎಂಬುದು ಆ ಭಕ್ತಿಯಲ್ಲಿ ಮರೆತುಹೋಗಿತ್ತು.

ನವೆಂಬರಿನಲ್ಲಿ ಅವನ ಹೆಂಡತಿ ವಿಜಯಳಿಗೆ ಷಿಕಾಗೋ ಕಡೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಸಂಬಳ ಬರುವ ಕೆಲಸವನ್ನು ಬಿಡುವ ಕಾಲವಲ್ಲ. ಅಲ್ಲೇ ಹತ್ತಿರದ ವುಡ್‌ರಿಡ್ಜಿನಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು, ವಾರದ ಕೊನೆಗೆ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಅವಳು ಹೋದ ಕೆಲವು ದಿನಗಳಿಗೆ ನನಗೆ ಅವಳ ಫೋನ್ ಬಂತು.

"ಅಂಕಲ್, ಇವ್ರು ಬೇಸ್‌ಮೆಂಟಿಂದ ಮೇಲೇ ಬರಲ್ಲ. ಫೋನ್ ಮಾಡಿದ್ರೆ ಹ್ಞೂಂ, ಊಹ್ಞೂಂ ಅಷ್ಟೇ. ಶೇವ್ ಮಾಡ್ಕೊಂಡು ಎಷ್ಟು ದಿನ ಆಯ್ತೋ. ಅದೂ ಅಲ್ದೆ ಅಂಕಲ್, ಅಲ್ಲಿ ಆ ರೈಫಲ್..."

ಅವಳು ಮಾತು ಮುಗಿಸಲಿಲ್ಲ. ನಾನೂ ಮುಗಿಸಿಕೊಡಲಿಲ್ಲ. "ನೋಡ್ತೀನಮ್ಮ" ಎಂದೆ.

ನೋಡುತ್ತೇನೆ ಎನ್ನುವುದು ಸುಲಭ. ಅವನ ಮುಂದೆ ಹೋಗಿ 'ಆ ರೈಫಲ್ಲನ್ನು ನನಗೆ ಕೊಡು' ಎಂದು ಕೇಳುವುದು ಹೇಗೆ? ಹಾಗೆ ಕೇಳಿದರೆ ನಾನು ಯಾವುದಕ್ಕೆ ಹೆದರಿದ್ದೇನೆ ಎಂದು ಹೇಳಿದಂತಾಗುತ್ತದೆ. ಕೆಲಸ ಕಳೆದುಕೊಂಡವನ ಹತ್ತಿರ ಉಳಿದಿರುವುದು ಮಾನವೊಂದೇ. ಅದನ್ನೂ ನಾನೇ ಹೋಗಿ ಕಿತ್ತುಕೊಂಡು ಬರಲೇ?

ಮರುದಿನ ಹೋದೆ. ಬೇಸ್‌ಮೆಂಟಿನ ಮೇಜಿನ ಮೇಲೆ ರೈಫಲ್ ಇತ್ತು, ದಸರೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಎತ್ತಿ ಅಲ್ಲಾಡಿಸಿದೆ. ಒಳಗೆ ಸಣ್ಣಗೆ ಗಿಲಿಗಿಲಿ ಎಂದಿತು. ಹ್ಯಾಂಡ್‌ಗಾರ್ಡಿನೊಳಗೆ ಅಕ್ಷತೆ.

ಅಳೆದು ನೋಡುವ ಕೆಲಸ ಮಾಡಿದ ನನಗೆ ಮಾತು ಸಿಕ್ಕಿತು. "ಏನಯ್ಯಾ ಇದು, ಬಂದೂಕಾ, ಅಕ್ಷತೆ ತಟ್ಟೆಯಾ? ಇದನ್ನ ಪೂರ್ತಿ ಬಿಚ್ಚಬೇಕು."

ಬಿಚ್ಚಿದೆವು. ಬಿಚ್ಚುತ್ತಾ ಅವನೇ ಹೇಳಿದ: "ಇದು ಹೊಗೆ ಎಲ್ಲಾ ಒಳಗೇ ಬಿಡುತ್ತೆ ಸರ್. ಪಿಸ್ಟನ್ ಕಿಟ್ ಹಾಕಿಸ್ಬೇಕು ಅಂತಿದ್ದೆ. ಈಗ ಯಾರಿಗೆ ಬೇಕು ಬಿಡಿ."

ಈ ಬಗೆಯ ರೈಫಲ್ಲಿನಲ್ಲಿ ಗುಂಡು ಹಾರಿದಾಗಿನ ಬಿಸಿ ಅನಿಲವನ್ನು ಒಂದು ಸಣ್ಣ ಕೊಳವೆಯ ಮೂಲಕ ಹಿಂದಕ್ಕೆ ತಂದು, ಅದರ ಒತ್ತಡದಿಂದಲೇ ಒಳಗಿನ ಯಂತ್ರವನ್ನು ನಡೆಸುತ್ತಾರೆ. ಜಾಣತನವೇ, ಆದರೆ ಮಸಿಯೂ ಜೊತೆಗೇ ಒಳಗೆ ಬರುತ್ತದೆ. ಹೊಗೆಗೂಡಿಲ್ಲದ ಸೌದೆ ಒಲೆಯಂತೆ. ಪಿಸ್ಟನ್ ಕಿಟ್ಟಿನಲ್ಲಿ ಕೊಳವೆಯ ಬದಲು ಒಂದು ಸರಳು. ಅನಿಲ ಮುಂದೆಯೇ ಸರಳನ್ನು ತಳ್ಳಿ ಹೊರಗೆ ಹೋಗುತ್ತದೆ, ಸರಳು ಯಂತ್ರವನ್ನು ತಳ್ಳುತ್ತದೆ, ಒಳಮನೆ ಸ್ವಚ್ಛ. ಲಾಭವನ್ನು ತಾವು ಉಂಡು ಮಸಿಯನ್ನು ಮಾತ್ರ ಹಿಂದಿದ್ದವರ ಮುಖಕ್ಕೆ ಊದುವ ಕಂಪನಿಗಳಿಗೂ ಇಂಥದೊಂದು ಕಿಟ್ ಇದ್ದಿದ್ದರೆ ಎಂದು ಆ ಚಳಿಗಾಲದಲ್ಲಿ ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು.

"ಯಾರಿಗೆ ಬೇಕು ಅಂದ್ರೆ? ನಾನು ಆರಿಸಿಕೊಡ್ತೀನಿ. ಅಲ್ಲೀವರೆಗೂ ಇದನ್ನ ಕೂಡಿಸಬೇಡ," ಎಂದೆ. ರೈಫಲ್ಲಿನ ಹೊಟ್ಟೆಯೊಳಗೆ ಹಿಂದೆ ಮುಂದೆ ಓಡಾಡುವ ಒಂದು ಉಕ್ಕಿನ ಭಾಗವಿದೆ. ಬೋಲ್ಟ್ ಕ್ಯಾರಿಯರ್ ಎನ್ನುತ್ತಾರೆ. ಅದಿಲ್ಲದೆ ರೈಫಲ್ ಬರೀ ಕೋಲು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡೆ. "ಇದರ ಅಳತೆ ಬೇಕು. ಮನೇಲಿ ನನ್ನ ಕ್ಯಾಲಿಪರ್ ಇದೆ."

ನಾಗರಾಜ ನನ್ನ ಜೇಬನ್ನು ನೋಡಿದ. ಮೇಜಿನ ಮೇಲಿದ್ದ ಉಳಿದ ಭಾಗಗಳ ಮೇಲೆ ಬಟ್ಟೆ ಹೊದಿಸಿದ.

ಅಂದಿನಿಂದ ಕೆಲಸದ ದಿನ ಬೆಳಿಗ್ಗೆ ಹತ್ತಕ್ಕೆ ಅವನ ಮನೆಯಲ್ಲಿ ನನ್ನ ಹಾಜರಿ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದರೂ ಸರಿ, ರಸ್ತೆ ಗಾಜಿನಂತಿದ್ದರೂ ಸರಿ. "ನಿಮಗೇನು ಹುಚ್ಚೇ, ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ?" ಎಂದು ಸರೋಜ ಬಾಗಿಲವರೆಗೆ ಬಂದು ಬಯ್ಯುತ್ತಿದ್ದಳು, ಬಯ್ಯುತ್ತಲೇ ಫ್ಲಾಸ್ಕಿಗೆ ಇಬ್ಬರಿಗಾಗುವಷ್ಟು ಕಾಫಿ ತುಂಬುತ್ತಿದ್ದಳು. ಗಡ್ಡ ಬಿಟ್ಟು ಕೂತವನ ಎದುರು ನಾನು ಕಂಪ್ಯೂಟರ್ ತೆರೆಯುವುದಿಲ್ಲ ಎಂದು ಮೊದಲ ವಾರವೇ ಹೇಳಿದೆ. ಎರಡನೆಯ ವಾರದಿಂದ ಅವನು ಸ್ನಾನ ಮಾಡಿ ಷರಟು ಹಾಕಿಕೊಂಡು ಕೂತಿರುತ್ತಿದ್ದ. ಹಾಸ್ಟೆಲ್ಲಿನ ಗಂಟೆಯನ್ನು ಎಷ್ಟು ಶಪಿಸಿದ್ದೆನೋ, ಈಗ ನಾನೇ ಒಂದು ಗಂಟೆಯಾಗಿದ್ದೆ.

ಆಮೇಲೆ ಹುಡುಕಾಟ. ಕಿಟ್ಟುಗಳೇನೋ ಬೇಕಾದಷ್ಟಿದ್ದವು. ಆದರೆ ಸರಳು ನಳಿಗೆಯ ಮೇಲುಗಡೆ ಓಡಾಡುವುದರಿಂದ ಹ್ಯಾಂಡ್‌ಗಾರ್ಡಿನೊಳಗೆ ಅದಕ್ಕೆ ಜಾಗ ಬೇಕು. ಈ ಕಿಟ್ಟಿಗೆ ಆ ಹ್ಯಾಂಡ್‌ಗಾರ್ಡ್ ಇಕ್ಕಟ್ಟು. ಆ ಕಿಟ್ಟಿಗೆ ಈ ಹ್ಯಾಂಡ್‌ಗಾರ್ಡ್ ಗಿಡ್ಡ. ಇನ್ನೊಂದಕ್ಕೆ ಒಳಗೆ ಕೊರೆಯಬೇಕು. ಎರಡನ್ನೂ ಕೂಡಿಸಿ ನೋಡುವುದೆಂದರೆ ಥೇಟ್ ಜಾತಕ ಕೂಡಿಸಿದ ಹಾಗೆ. ನಮ್ಮ ಕಡೆ ಜಾತಕದ ನಿಜವಾದ ಉಪಯೋಗ ಏನೆಂದು ನಿಮಗೂ ಗೊತ್ತಿರುತ್ತದೆ. ಹುಡುಗ ಒಪ್ಪಿಗೆಯಾಗಲಿಲ್ಲ ಎಂದರೆ ಆ ಮನೆಯವರಿಗೆ ನೋವು. 'ಜಾತಕ ಕೂಡಿಬರಲಿಲ್ಲ' ಎಂದರೆ ನೋವು ಗ್ರಹಗಳ ಪಾಲಿಗೆ ಹೋಗುತ್ತದೆ. ಎರಡು ಕಡೆಯವರೂ ಮುಂದಿನ ಮದುವೆಮನೆಯಲ್ಲಿ ಮುಖ ನೋಡಿ ನಗಬಹುದು. ಗ್ರಹಗಳನ್ನು ನಂಬದ ನಾನು ಆ ಚಳಿಗಾಲ ಒಳ್ಳೆಯ ಜೋಯಿಸನಾದೆ. ಪ್ರತಿ ಜೋಡಿಯಲ್ಲೂ ಒಂದು ದೋಷ ಕಂಡುಹಿಡಿದೆ. ಒಂದರ ಸ್ಪ್ರಿಂಗ್ ನಂಬುವ ಹಾಗಿಲ್ಲ ಎಂದೆ. ಒಂದು ತೂಕ ಹೆಚ್ಚಾಯಿತು ಎಂದೆ. ಇನ್ನೊಂದರ ಸ್ಕ್ರೂ ನನಗೆ ಸರಿಕಾಣಲಿಲ್ಲ ಎಂದೆ. ಸ್ಕ್ರೂಗೆ ಏನೂ ಆಗಿರಲಿಲ್ಲ. ಸರಿಯಿದ್ದದ್ದನ್ನು ತಪ್ಪು ಪೆಟ್ಟಿಗೆಗೆ ಹಾಕುವುದು ನನ್ನ ಜನ್ಮದಲ್ಲಿ ಅದೇ ಮೊದಲು.

ಕೆಲವು ದಿನ ಅವನು ಪರದೆಯ ಕಡೆ ತಿರುಗುತ್ತಲೂ ಇರಲಿಲ್ಲ. ಅರ್ಜಿ ಹಾಕಿದ ಕಡೆಯಿಂದ ಉತ್ತರ ಬಂದ ದಿನವೂ ಅಷ್ಟೇ, ಬರದ ದಿನವೂ ಅಷ್ಟೇ. "ಐವತ್ತೆರಡಾಯ್ತು ಸರ್. ಇನ್ಯಾರು ಕರೀತಾರೆ ನನ್ನ?" ಎಂದು ಒಮ್ಮೆ ಗೋಡೆಗೆ ಹೇಳುವಂತೆ ಹೇಳಿದ. "ಈ ಹ್ಯಾಂಡ್‌ಗಾರ್ಡಿನ ಒಳವ್ಯಾಸ ಎಷ್ಟು ಅಂತ ನೋಡು," ಎಂದೆ. ಅವನು ನಿಟ್ಟುಸಿರುಬಿಟ್ಟು ನೋಡಿದ. ಅದಕ್ಕಿಂತ ದೊಡ್ಡ ಸಾಂತ್ವನ ನನಗೆ ಬರುವುದಿಲ್ಲ.

ಹಿಮ ಕರಗುವ ಹೊತ್ತಿಗೆ ನಾನು ಎಡವಿದೆ. ಹೊಸದೊಂದು ಕಿಟ್ಟು, ಅದನ್ನು ಮಾಡಿದವರದೇ ಹ್ಯಾಂಡ್‌ಗಾರ್ಡು. ಉದ್ದ, ವ್ಯಾಸ, ಸರಳಿನ ಜಾಗ, ಎಲ್ಲ ಅಳತೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು. ಹಳೆಯ ಚಾಳಿ, ಬಾಯಿ ತಡೆಯಲಿಲ್ಲ. "ಇದು ಸರಿಯಾಗಿದೆ ಕಣೋ!" ಎಂದುಬಿಟ್ಟೆ.

ಅಂದಮೇಲೆ ಮಾಡಿದ ತಪ್ಪು ಹೊಳೆಯಿತು. ಇನ್ನು ಕಿಟ್ಟು ಬರುತ್ತದೆ, ಕ್ಯಾರಿಯರ್ ವಾಪಸು ಕೊಡಬೇಕು, ನಾಳೆಯಿಂದ ಹತ್ತು ಗಂಟೆಗೆ ನಾನು ಯಾವ ನೆಪ ಹಿಡಿದು ಬರಲಿ?

ನಾಗರಾಜ ಪರದೆಯ ಮೇಲಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಆಮೇಲೆ ಹೇಳಿದ: "ಬಣ್ಣ ನೋಡಿದ್ರಾ ಸರ್? ಕಪ್ಪಲ್ಲ ಇದು, ಬೂದಿ ಬಣ್ಣ. ನಮ್ಮದಕ್ಕೆ ಮ್ಯಾಚ್ ಆಗಲ್ಲ."

ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದ ಮನುಷ್ಯ. ನಾನು ಅವನ ಮುಖ ನೋಡಿದೆ.

"ಕ್ಯಾರಿಯರ್ ಅಳತೆ ಅಂತ ತಗೊಂಡು ಹೋದ್ರಲ್ಲ," ಎಂದ, ಕಣ್ಣು ಪರದೆಯ ಮೇಲೇ ಇಟ್ಟು. "ಅದು ಎಲ್ಲಾ ವೆಬ್‌ಸೈಟಲ್ಲೂ ಇರುತ್ತೆ ಸರ್. ಅಚ್ಚು ಡಿಸೈನ್ ಮಾಡೋನಿಗೆ ಅಷ್ಟೂ ಗೊತ್ತಾಗಲ್ವಾ?"

"ಗೊತ್ತಿದ್ದೂ ಮತ್ತೆ ಯಾಕೋ ಸುಮ್ನಿದ್ದೆ?"

"ಕೇಳಿದ್ರೆ ವಾಪಸ್ ಕೊಟ್ಬಿಡ್ತೀರೇನೋ ಅಂತ ಭಯ ಆಯ್ತು."

ಮನೆ ಬಿಸಿಮಾಡುವ ಫರ್ನೇಸು ಹತ್ತಿಕೊಂಡ ಸದ್ದು ಕೇಳಿತು. ನಾನು ಫ್ಲಾಸ್ಕ್ ತೆರೆದು ಕಾಫಿ ಬಗ್ಗಿಸಿದೆ. ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು, ಅವನು ಒರೆಸಿದ. ಇಬ್ಬರೂ ಕುಡಿದೆವು. "ಬೂದಿ ಬಣ್ಣ ಖಂಡಿತ ಆಗಲ್ಲ," ಎಂದೆ.

ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಹತ್ತಿರದ ಆನ್ ಆರ್ಬರ್ ಊರಿನಲ್ಲಿ ಒಂದು ಇಂಟರ್‌ವ್ಯೂ ಆಯಿತು, ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ವಿಜಯ ಶುಕ್ರವಾರ ಬರುತ್ತಾಳೆ, ಭಾನುವಾರ ಹೋಗುತ್ತಾಳೆ. ಒಳ್ಳೆಯ ದಿನಗಳು ಬಂದವು ಎಂದು ಟಿವಿಯಲ್ಲಿ ಹೇಳುತ್ತಿದ್ದಾರೆ. ವಿಕ್ಸಮ್ಮಿನ ಫಲಕಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಬದುಕಿನಲ್ಲಿ ಸರಿಯಾದದ್ದು ಬೇಗ ಸಿಗಬೇಕು ಎಂದೇ ನಾನು ನಂಬಿಕೊಂಡು ಬಂದವನು. ಸಿಗದೆ ಇರಲೆಂದು ಇಬ್ಬರು ಕೂತು ಶ್ರದ್ಧೆಯಿಂದ ಹುಡುಕುವುದೂ ಒಂದು ಕೆಲಸವೇ ಎಂದು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಅವನೇ ಫೋನ್ ಮಾಡಿದ. ಮತ್ತೊಂದು ಹೊಸ ಕಿಟ್ ಬಂದಿದೆಯಂತೆ, ಬಣ್ಣವೂ ಕಪ್ಪಂತೆ, ಬಹಳ ಚೆನ್ನಾಗಿದೆಯಂತೆ. ಹೋಗಿ ನೋಡಬೇಕು. ಏನಾದರೊಂದು ಕೊರತೆ ಇದ್ದೇ ಇರುತ್ತದೆ.