ಕತ್ತರಿಸಿ ಒಲೆಗೆ ಹಾಕಿದ ಊರು

ಅಂಚೆಚೀಟಿ ಕೂಡಿಡುವವರೆಲ್ಲ ಮೊದಲಿಗೆ ಒಂದು ದಡ್ಡತನ ಮಾಡುತ್ತಾರೆ. ಲಕೋಟೆಯ ಮೂಲೆ ಕತ್ತರಿಸಿ, ನೀರಿನಲ್ಲಿ ನೆನೆಹಾಕಿ, ಚೀಟಿ ಬಿಡಿಸಿಕೊಂಡು, ಉಳಿದ ಲಕೋಟೆಯನ್ನು ಒಲೆಗೆ ಹಾಕುತ್ತಾರೆ. ತೊಂಬತ್ತರ ದಶಕದುದ್ದಕ್ಕೂ ಹುಣಸೂರಿನ ಮನೆಯಲ್ಲಿ ನಾನು ಮಾಡಿದ್ದು ಇದನ್ನೇ. ಮುದ್ರೆ ಬಿದ್ದ ಚೀಟಿ ಕಂಡರೆ ನನಗೆ ಮೈಯೆಲ್ಲ ಉರಿ. ಅಂದದ ಚೀಟಿಗೆ ಮಸಿ ಬಳಿದ ಪುಣ್ಯಾತ್ಮನ ಕೈ ಸೇದಿಹೋಗಲಿ ಎಂದು ಶಪಿಸುತ್ತಿದ್ದೆ.

ಈ ಹುಚ್ಚು ಹಿಡಿಸಿದವನು ನನ್ನ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. ಅಮ್ಮನ ತವರು ಮಿರ್ಲೆಯಿಂದ ಬಂದಾಗಲೆಲ್ಲ ಜೇಬಿನಿಂದ ಒಂದೆರಡು ಚೀಟಿ ತೆಗೆದು ಕೊಡುತ್ತಿದ್ದ. ಒಂದು ದಿನ ಯಾವುದೋ ಮಾತಿಗೆ ತಾತ ಊರವರೆದುರು ಅವನ ಕೆನ್ನೆಗೆ ಹೊಡೆದರು. ಮಾವ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟ. ಆಮೇಲೆ ವರ್ಷಕ್ಕೊಂದು ಕಾಗದ ಅಮ್ಮನ ಹೆಸರಿಗೆ ಬರುತ್ತಿತ್ತು. "ಅಕ್ಕಾ, ಚೆನ್ನಾಗಿದ್ದೀನಿ. ಯಾರಾದ್ರೂ ಕರೆಯೋಕೆ ಬರದೆ ನಾನಾಗಿ ಬರೋನಲ್ಲ." ಅಷ್ಟೇ. ವಿಳಾಸವಿಲ್ಲ. ಅಮ್ಮನಿಗೆ ಓದು ಬಾರದು. ನಾನೇ ಓದಿ ಹೇಳುತ್ತಿದ್ದೆ, ಅದೂ ಮೂಲೆ ಕತ್ತರಿಸಿಕೊಂಡ ಮೇಲೆ.

ಮೂರು ಕಾಗದ ಬಂದವು. ನಾಲ್ಕನೆಯ ವರ್ಷ ತಾತ ತೀರಿಕೊಂಡರು, ಅಜ್ಜಿ ಹಾಸಿಗೆ ಹಿಡಿದಳು. "ಒಂದ್ ಕಿತ ಅವನ್ ಮಕ ನೋಡ್ಬೇಕು ಕಣವ್ವ" ಎಂದು ಅಮ್ಮನ ಕೈ ಬಿಡಲೇ ಇಲ್ಲ.

"ಲಕೋಟೆ ಮ್ಯಾಲೆ ಊರಿನ ಸೀಲು ಇರ್ತದಂತಲ್ಲ, ಆ ಲಕೋಟೆಗೋಳ್ನ ತತ್ತಾ" ಎಂದಳು ಅಮ್ಮ. ನಾನು ಹಂಡೆ ಒಲೆಯ ಕಡೆ ನೋಡಿದೆ. ಅವಳಿಗೆ ಅರ್ಥವಾಯಿತು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮಾವನ ಮೂರು ಚೀಟಿಗಳನ್ನು ಮಾತ್ರ, ಮಸಿ ಬಿದ್ದಿದ್ದರೂ, ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ಇಟ್ಟಿದ್ದೆ. ಅವನ್ನು ಹಿಡಿದು ಕೆ.ಆರ್. ನಗರಕ್ಕೆ ಹೋದೆ. ಅಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಮುದ್ರೆಗಳನ್ನೇ ಕೂಡಿಡುತ್ತಿದ್ದರು. ಅವರು ಭೂತಗನ್ನಡಿ ಹಿಡಿದು ನೋಡಿದರು. ಒಂದರಲ್ಲಿ ಗೋಪುರದ ತುದಿಯಂಥದ್ದು, ಒಂದರಲ್ಲಿ ಬಾಗಿದ ತೆಂಗಿನಮರ, ಇನ್ನೊಂದರಲ್ಲಿ ಅಲೆಗಳು. ಊರಿನ ಹೆಸರಿದ್ದ ಸುತ್ತಿನ ಅಂಚು ಮೂರರಲ್ಲೂ ಇಲ್ಲ. ಅದು ಬೂದಿಯಾಗಿತ್ತು.

ಅವರು ಎಣ್ಣೆಕಾಗದದ ಮೇಲೆ ಮೂರನ್ನೂ ಒಂದೊಂದಾಗಿ ತಿದ್ದಿ, ಗೆರೆಗೆ ಗೆರೆ ಸೇರಿಸಿದರು. ಒಂದೇ ಮುದ್ರೆಯ ಮೂರು ತುಂಡು! ಕಡಲ ದಂಡೆಯ ದೀಪಸ್ತಂಭವೊಂದು ಎದ್ದು ನಿಂತಿತು. ತಮ್ಮ ಸಂಗ್ರಹ ತಿರುವಿ ತಿರುವಿ, ಕೊನೆಗೆ ಅದೇ ಚಿತ್ರದ ಲಕೋಟೆ ತೆಗೆದರು. ಕೇರಳದ ಒಂದು ಊರು. ನಾನು ಕುಣಿದಾಡುವುದೊಂದು ಬಾಕಿ. ಅವರು ಮಾತ್ರ ಕನ್ನಡಕ ತೆಗೆದಿಟ್ಟು ಹೇಳಿದರು:

"ಇದು ಮಾಮೂಲಿ ಸೀಲಲ್ಲ ಕಣವ್ವ. ಚಿತ್ರದ ಮುದ್ರೆನ ಎಲ್ಲಾ ಕಾಗ್ದಕ್ಕೂ ಆಕಲ್ಲ. ಬೇಕು ಅನ್ನೋರು ಕೌಂಟರ್‌ಗೋಗಿ ಕೇಳಿ ಆಕ್ಸ್ಕಬೇಕು. ನಿಮ್ಮಾವ ಮೂರ್ ವರ್ಸವೂ ಕೇಳಿ ಆಕ್ಸವ್ರೆ."

ತಾನಾಗಿ ವಿಳಾಸ ಬರೆಯಲು ಅವನ ಹಟ ಬಿಡಲಿಲ್ಲ. ಚೀಟಿ ಕೂಡಿಡುವ ಸೋದರಸೊಸೆಯಾದರೂ ಮುದ್ರೆ ನೋಡಿಯಾಳು ಎಂದು ನಂಬಿದ್ದ. ಆ ಸೊಸೆ ಕತ್ತರಿ ಹಿಡಿದು ಕೂತಿದ್ದಳು.

ಎರಡನೇ ದಿನವೇ ಅಮ್ಮನೂ ನಾನೂ ಎಚ್.ಡಿ. ಕೋಟೆಗೆ ಬಂದು, ಕಾಕನಕೋಟೆ ಕಾಡು ದಾಟಿ ಕೇರಳಕ್ಕೆ ಹೋಗುವ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಮ್ಮ ಮಡಿಲಲ್ಲಿ ಚಕ್ಕುಲಿ ಡಬ್ಬಿ ಹಿಡಿದೇ ಇದ್ದಳು. ಬಸ್ಸು ಬದಲಾಯಿಸುತ್ತ ಆ ಊರು ಸೇರುವಾಗ ಮರುದಿನವಾಗಿತ್ತು. ಅಂಚೆ ಕಚೇರಿಯ ಕೌಂಟರಿನಲ್ಲಿದ್ದವರು ಹಿಂದೆ ಗಡಿಯ ಬಾವಲಿ ಕಡೆ ಕೆಲಸ ಮಾಡಿ ಮುರುಕು ಕನ್ನಡ ಕಲಿತವರು. ನಾವು ಜೊತೆಗೆ ತಂದಿದ್ದ ಎಣ್ಣೆಕಾಗದ ನೋಡುತ್ತಲೇ ಅವರಿಗೆ ನೆನಪಾಯಿತು.

"ಆ ಮೈಸೂರು ಕಡೆ ಆಳು? ದೋಣಿ ಕೆಲಸಕ್ಕೆ ಇದ್ದ. ವರ್ಷಕ್ಕೆ ಒಂದು ಸಲ ಮುದ್ರೆ ಹಾಕಿಸ್ತಾನೆ. ಆಮೇಲೆ ತಿಂಗಳು ತಿಂಗಳು ಬಂದು ಕೇಳ್ತಾನೆ, ನನ್ನ ಹುಡುಕಿಕೊಂಡು ಯಾರಾದರೂ ಬಂದರಾ ಅಂತ. ಈ ವರ್ಷ ಬರಲಿಲ್ಲ. ಬೇರೆ ಎಲ್ಲೋ ಹೋದ."

ಎಲ್ಲಿಗೆಂದು ಅವರಿಗೆ ಗೊತ್ತಿರಲಿಲ್ಲ. ದಂಡೆಯ ದೋಣಿಯವರಿಗೂ ಗೊತ್ತಿರಲಿಲ್ಲ. ಮತ್ತೆ ಅವನ ಕಾಗದ ಬರಲಿಲ್ಲ, ಅಜ್ಜಿ ಅವನನ್ನು ಕೇಳುತ್ತಲೇ ತೀರಿಕೊಂಡಳು.

ಅಂದು ಊರಿಗೆ ಹೊರಡುವ ಮುಂಚೆ ಅಮ್ಮ ಇನ್ನೊಮ್ಮೆ ಆ ಕಚೇರಿಗೆ ನಡೆದಳು. ಕೌಂಟರಿನ ಮೇಲೆ ಎರಡೂ ಕೈಯೂರಿ ಹೇಳಿದಳು: "ಅವ್ನು ಬಂದ್ರೆ, ನಿಮ್ಮಕ್ಕ ಬಂದಿದ್ಲು ಅಂತ ಏಳಿ ಸಾರ್."