ಕೆಂಧೂಳು ಕೂತ ಮೆಕ್ಕೆಜೋಳ

ಗಾದಿಗನೂರಿನಲ್ಲಿ ನಮ್ಮಣ್ಣನ ಹೊಲ ಅದಿರು ಲಾರಿಗಳ ರಸ್ತೆಗೇ ಅಂಟಿಕೊಂಡಿದೆ. ಆ ವರ್ಷ ರಸ್ತೆ ಬದಿಯ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಬೆಳಿಗ್ಗೆ ಹತ್ತಕ್ಕೆಲ್ಲ ಎಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅಣ್ಣ ನೀರು ಬಿಟ್ಟ. ರೋಗವಿರಬೇಕೆಂದು ಎರಡು ಸಲ ಔಷಧಿ ಹೊಡೆದ. ಜಗ್ಗಲಿಲ್ಲ.

ನಾನು ಹೊಸಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಒಂದು ಭಾನುವಾರ ಹೋದಾಗ ಎಲೆಯನ್ನು ಒರೆಸಿ ನೋಡಿದೆ; ಬೆರಳು ಇಟ್ಟಿಗೆ ಬಣ್ಣವಾಯಿತು. ಅತ್ತಿಗೆಯ ಉಗುರುಬಣ್ಣ ಇಸಕೊಂಡು ಎಲೆಗೆ ಬಳಿದೆ. ಒಣಗಿದ ಪೊರೆಯನ್ನು ಟೇಪಿನಿಂದ ಕಿತ್ತು ಶಾಲೆಗೆ ಒಯ್ದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಎಲೆ ಉಸಿರಾಡುವ ಸಣ್ಣ ಬಾಯಿಗಳ ಮೇಲೆಲ್ಲ ಕೆಂಪು ಕಣ. ಮಾರನೇ ದಿನ ಅಣ್ಣನನ್ನೂ ಕರೆಸಿ ತೋರಿಸಿದೆ.

"ರೋಗ ಅಲ್ಲಣ್ಣ ಇದು. ಧೂಳು ಬಾಯಿ ಮುಚ್ಚೈತಿ. ಎಲಿ ಬೆವರಿದ್ರ ತಣ್ಣಗಿರ್ತೈತಿ. ಈಗ ಬಿಸಲಿಗೆ ಕಾದು ಬಿಸಿ ಆಗ್ತೈತಿ."

ಅವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟುಕೊಂಡೇ, "ಧೂಳಿಗೆ ಔಷಧಿ ಹೊಡದ್ನಲ್ಲವ್ವಾ!" ಎಂದ.

ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು, ಬರೀ ನೀರು ತುಂಬಿ, ದಿನ ಬಿಟ್ಟು ದಿನ ನಾಲ್ಕು ಸಾಲು ತೊಳೆದ. ಎರಡೇ ವಾರದಲ್ಲಿ ಆ ಸಾಲುಗಳು ಹಸಿರಾಗಿ ಮೇಲೆದ್ದವು. ನನಗೆ ಹುರುಪು ಬಂತು. ಎರಡೂ ಬಗೆಯ ಎಲೆ ಕಿತ್ತುಕೊಂಡು ಲಾರಿ ಗುತ್ತಿಗೆದಾರನ ಆಫೀಸಿಗೆ ಹೋದೆ.

ಅಲ್ಲಿದ್ದ ಸೂಪರ್‌ವೈಸರ್ ಎಲೆ ಮುಟ್ಟಲೇ ಇಲ್ಲ. "ಮಳಿ ಬಂದ್ರ ತೊಳಕೊಂಡು ಹೋಗ್ತೈತ್ರಿ ಮೇಡಂ," ಎಂದ.

"ಮಳಿ ಬರೋತನ ಅದು ಉಸಿರು ಹಿಡಕೊಂಡು ಕುಂದ್ರಬೇಕೇನ್ರಿ?"

ಮೂರು ಸಲ ಅಲೆದ ಮೇಲೆ ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಬಂತು. ಅದೂ ಹೊಳೆ ಹರಿಸಿದ ಹಾಗೆ ಸುರಿದು ಹೋಯಿತು. ಹಿಂದೆಯೇ ಬಂದ ಲಾರಿಗಳು ಕೆಂಪು ರಾಡಿಯನ್ನು ಹೊಲಕ್ಕೆ ಎರಚಿದವು. ತೊಳೆದ ನಾಲ್ಕು ಸಾಲಿಗೂ ಗಾರೆ ಮೆತ್ತಿದಂತಾಗಿ, ಮಧ್ಯಾಹ್ನದ ಬಿಸಿಲಿಗೆ ಒಣಗಿ ಕೂತಿತು. ಫೋನ್ ಮಾಡಿದರೆ, "ನೀರು ಹೊಡೀರಿ ಅಂದೋರು ನೀವ ಅಲ್ರೀ?" ಎಂದ ಅದೇ ಸೂಪರ್‌ವೈಸರ್. ಸಿಟ್ಟಿಗೆ ಫೋನ್ ಮಂಚದ ಮೇಲೆ ಎಸೆದೆ.

ಪರಾಗ ಹಿಡಿಯುವ ತೆನೆಯ ಕೂದಲಿಗೂ ಧೂಳು ಮೆತ್ತಿ, ರಸ್ತೆ ಕಡೆಯ ತೆನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಕಟ್ಟಿತು. ಅಣ್ಣ ಅವನ್ನು ಮೇವಿಗೆಂದು ಕೊಯ್ದು ಹಾಕಿದ. ಎಮ್ಮೆ ಮೂಸಿ ಮುಖ ತಿರುಗಿಸಿತು. ಈಗ ರಸ್ತೆ ಬದಿಗೆ ಹತ್ತು ಸಾಲಿನಷ್ಟು ಜಾಗ ಬೀಳು ಬಿಡುತ್ತಾನೆ. "ಮತ್ತೊಮ್ಮೆ ಹೋಗಿ ಕೇಳೋಣು," ಎಂದರೆ, "ಬ್ಯಾಡ ಬಿಡವ್ವಾ," ಎನ್ನುತ್ತಾನೆ. ಅವನು ಹಾಗೆಂದಾಗೆಲ್ಲ ಆ ಸೂಪರ್‌ವೈಸರ್ ಮೇಲಿನ ಸಿಟ್ಟು ನನಗೆ ಇನ್ನೂ ಏರುತ್ತದೆ.